ಕೈ ಎತ್ತಿದ ತಪ್ಪು

ಗಣಿಗೆ ಹೋಗುವ ರಸ್ತೆ ನಮ್ಮ ಊರಿನ ಗೋರಿಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ರಸ್ತೆ ಆಮೇಲೆ ಬಂದದ್ದು, ಗೋರಿಗಳು ಮೊದಲಿನಿಂದ ಇದ್ದವು. ನದಿಯ ಕಡೆಗೆ ಇಳಿಯುವ ಬೋಳು ದಿಬ್ಬದ ಮೇಲೆ ಮಣ್ಣಿನ ಇಟ್ಟಿಗೆಯ ಗುಮ್ಮಟಗಳು, ಸರಳು ಬಗ್ಗಿಸಿ ಮಾಡಿದ ಗುಡಾರದ ಆಕಾರಗಳು, ತುಕ್ಕು ಹಿಡಿದ ಅರ್ಧಚಂದ್ರಗಳು. ರಸ್ತೆಗೆ ಎಲ್ಲಕ್ಕಿಂತ ಹತ್ತಿರ ಇರುವುದು ಸತಾರ್ ಮುದುಕನ ಗೋರಿ. ಬದುಕಿದ್ದಾಗಲೂ ಅವನು ಹಾಗೇ, ಹೋಗಿಬರುವವರಿಗೆಲ್ಲ ಕಾಣುವಂತೆ ಮನೆಯ ಮುಂದೆ ಕೂತಿರುತ್ತಿದ್ದ.

ಗೋರಿಗಳ ಮುಂದೆ ಹಾಯುವವನು ಕುದುರೆಯ ಮೇಲಿರಲಿ, ಲಾರಿಯಲ್ಲಿರಲಿ, ಎರಡೂ ಅಂಗೈ ಮುಖದ ಮುಂದೆ ಬಿಡಿಸಿ ಹಿಡಿದು ಸತ್ತವರಿಗಾಗಿ ನಾಲ್ಕು ಮಾತು ಹೇಳುತ್ತಾನೆ. ಆಮೇಲೆ ಅಂಗೈಗಳನ್ನು ಹಣೆಯಿಂದ ಗದ್ದದವರೆಗೆ ಸವರಿಕೊಂಡು ‘ಓಮಿನ್’ ಎನ್ನುತ್ತಾನೆ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಗಾಡಿ ಓಡಿಸುವವನು ಅಷ್ಟು ಹೊತ್ತು ಸ್ಟೇರಿಂಗ್ ಬಿಡುತ್ತಾನೆ, ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಅಲ್ಲಿ ರಸ್ತೆ ನೆಟ್ಟಗಿದೆ. ಕೈ ಎತ್ತಿದ್ದಕ್ಕೆ ಯಾರೂ ಹೊಳೆಗೆ ಬಿದ್ದದ್ದಿಲ್ಲ.

ಆ್ಯಪ್ ಬಂದಮೇಲೆ ಅದು ತಪ್ಪಾಯಿತು.

ನಾವು ಗಣಿಯ ಕಾವಲು ಕಂಪನಿಯವರು. ಕೆಳಗಿನ ಗೇಟಿನಿಂದ ಕಣಿವೆಯ ಮೇಲಿನ ಬೆಟ್ಟದ ನೆತ್ತಿ ದಾಟಿ ಮೇಲಿನ ಕ್ಯಾಂಪಿನವರೆಗೆ ವಿಷದ ರಾಸಾಯನಿಕ ತುಂಬಿದ ಟ್ಯಾಂಕರುಗಳು ಸಾಲಾಗಿ ಹೋಗುತ್ತವೆ. ಅವುಗಳ ಮುಂದೆ ನಮ್ಮ ಪಿಕಪ್ ಹೋಗಬೇಕು. ಪಿಕಪ್ಪಿನಲ್ಲಿ ಮೂವರು. ಒಬ್ಬ ಓಡಿಸುವವನು, ಪಕ್ಕದಲ್ಲಿ ಎರಡನೆಯವನು, ಹಿಂದಿನ ಸೀಟಿನಲ್ಲಿ ಬಂದೂಕು ಹಿಡಿದ ನಾನು. ಗೇಟಿನಿಂದ ಹೊರಟ ಮೇಲೆ ಏರಿನ ಬುಡದಲ್ಲಿ, ಹಿಮಕ್ಕೆ ಜಾರದಂತೆ ಚಕ್ರಗಳಿಗೆ ಸರಪಳಿ ಬಿಗಿಯುವ ಸರಪಳಿ ಕಟ್ಟೆಯವರೆಗೆ ನಿಲ್ಲುವ ಹಾಗಿಲ್ಲ. ಮುಂದಿನವನು ನಿಂತರೆ ಹಿಂದಿನ ಟ್ಯಾಂಕರುಗಳೆಲ್ಲ ಬ್ರೇಕ್ ಒತ್ತಬೇಕು, ಅವುಗಳ ಹೊಟ್ಟೆಯಲ್ಲಿ ಇರುವುದು ಹಾಲಲ್ಲ.

ಹೋದ ವಸಂತದಲ್ಲಿ ಕಂಪನಿ ಎಲ್ಲರಿಗೂ ಫೋನ್ ಕೊಟ್ಟಿತು. ಓಡಿಸುವವನ ಫೋನ್ ಮುಂದಿನ ಗಾಜಿನ ಕೆಳಗೆ ಹಿಡಿಕೆಯಲ್ಲಿ ಕೂತು ಅವನ ಮುಖವನ್ನೇ ನೋಡುತ್ತದೆ. ಕಣ್ಣು ಮುಚ್ಚಿದರೆ, ಬ್ರೇಕನ್ನು ಜೋರಾಗಿ ಒತ್ತಿದರೆ, ಎರಡೂ ಕೈ ಸ್ಟೇರಿಂಗ್ ಚಕ್ರದಿಂದ ಎತ್ತಿದರೆ ಗಂಟೆ ಬಾರಿಸುತ್ತದೆ. ಆಗ ಎರಡನೆಯವನ ಕೈಯಲ್ಲಿರುವ ಫೋನು ಕೇಳುತ್ತದೆ, ಕಾರಣ ಇತ್ತೆ? ಕುರಿಮಂದೆ ಅಡ್ಡ ಬಂದಿತ್ತು, ಕಲ್ಲು ಉರುಳಿತ್ತು ಎಂದಾದರೆ ಎರಡನೆಯವನು ಹಸಿರು ಗುಂಡಿ ಒತ್ತಬೇಕು, ತಪ್ಪು ಅಳಿಸಿಹೋಗುತ್ತದೆ. ಕೆಂಪು ಒತ್ತಿದರೆ ತಪ್ಪು ಲೆಕ್ಕದಲ್ಲಿ ಉಳಿಯುತ್ತದೆ, ಓಡಿಸುವವನ ಅಂಕ ಇಳಿಯುತ್ತದೆ. ಗಂಟೆ ನಿಲ್ಲುವುದರೊಳಗೆ ಏನೂ ಒತ್ತದಿದ್ದರೂ ಉಳಿಯುತ್ತದೆ. ನಮ್ಮ ಹುಡುಗರು ಅದಕ್ಕೆ ಅತ್ತೆ ಎಂದು ಹೆಸರಿಟ್ಟರು. ‘ಇವತ್ತು ಅತ್ತೆ ಏನಂದ್ಳು’ ಎಂದು ಗೇಟಿನಲ್ಲಿ ಕೇಳಿಕೊಳ್ಳುತ್ತಿದ್ದರು.

ಬೇರೆ ಡ್ರೈವರುಗಳು ಅತ್ತೆಯ ಜೊತೆ ಹೊಂದಿಕೊಂಡರು. ಗೋರಿಗಳ ಮುಂದೆ ಒಂದು ಕೈ ಚಕ್ರದ ಮೇಲಿಟ್ಟು ಇನ್ನೊಂದನ್ನು ಮಾತ್ರ ಮುಖಕ್ಕೆ ಸವರಿಕೊಂಡರೆ ಆಯಿತು, ಗಂಟೆ ಬಾರಿಸುವುದಿಲ್ಲ. ಊರಿನ ಮುದುಕರು ಇದನ್ನು ನೋಡಿ, ನೊಣ ಓಡಿಸ್ತಾರೋ ಪ್ರಾರ್ಥನೆ ಮಾಡ್ತಾರೋ ಎಂದು ನಕ್ಕರು. ನಕ್ಕು ಸುಮ್ಮನಾದರು. ಹೊಂದಿಕೊಳ್ಳದವನು ಬೈಸಾಲ್ ಒಬ್ಬನೇ.

ಬೈಸಾಲ್ ನಮ್ಮ ಪಿಕಪ್ ಓಡಿಸುತ್ತಿದ್ದವನು. ಮೀಸೆ ಬೆಳ್ಳಗಾದ, ಮಾತು ಕಮ್ಮಿಯಾದ ಮನುಷ್ಯ. ಮೀಸೆ ಮೂಡುವ ಮೊದಲೇ ಸಾಮೂಹಿಕ ಬೇಸಾಯದ ಲಾರಿ ಹತ್ತಿದವನು. ಆಮೇಲೆ ಲಾರಿಗಳು ಹೋದವು, ಬೇಸಾಯವೂ ಹೋಯಿತು, ಅವನ ಕೈಗೆ ಚಕ್ರವೊಂದು ಉಳಿಯಿತು. ಅವನಿಗೆ ಕುರಿ ಇಲ್ಲ, ಹುಲ್ಲುಗಾವಲು ಇಲ್ಲ. ಊರಿನಲ್ಲಿ ಅವನು ಏನು ಎಂದು ಕೇಳಿದರೆ ಡ್ರೈವರ್ ಎನ್ನಬೇಕೇ ಹೊರತು ಬೇರೆ ಮಾತಿರಲಿಲ್ಲ. ತುಂಬಿದ ಬಟ್ಟಲು ಚಹಾ ಮುಂದೆ ಇಟ್ಟರೂ ಚೆಲ್ಲದ ಹಾಗೆ ಓಡಿಸುತ್ತಿದ್ದ. ಗೋರಿಗಳದ್ದೊಂದು ಬಿಟ್ಟರೆ ಅತ್ತೆ ಅವನ ಮೇಲೆ ಹುಡುಕಿದರೂ ಒಂದು ದೂರು ಸಿಗುತ್ತಿರಲಿಲ್ಲ.

ಅವನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವನು ಮುಕಾಶ್. ಸತಾರ್ ಮುದುಕನ ಮಗ.

ಇಬ್ಬರನ್ನೂ ಒಂದೇ ಗಾಡಿಗೆ ಹಾಕಿದವರು ಪಟ್ಟಣದ ಆಫೀಸಿನವರು, ಅವರಿಗೆ ಊರಿನ ವಿಷಯ ಗೊತ್ತಿರಲಿಲ್ಲ. ಸತಾರ್ ಸತ್ತದ್ದು ಬೈಸಾಲ್‌ನ ಗಾಡಿಯಲ್ಲಿ. ಗಟ್ಟಿ ಚಳಿಗಾಲ, ಮುದುಕನಿಗೆ ಎದೆನೋವು ಬಂತು, ಊರಿನಲ್ಲಿ ಸ್ಟಾರ್ಟ್ ಆದ ಗಾಡಿ ಅದೊಂದೇ. ಮುಕಾಶ್ ಹಿಂದಿನ ಸೀಟಿನಲ್ಲಿ ಅಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ. ಆಸ್ಪತ್ರೆಯ ದಾರಿಯುದ್ದಕ್ಕೂ ಅವನು ಕೂಗಿದ್ದು ಒಂದೇ ಮಾತಂತೆ, ‘ಬೇಗ.’ ಕಣಿವೆಯ ರಸ್ತೆ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಬೈಸಾಲ್ ಗಾಡಿ ನಿಲ್ಲಿಸಿ, ಇಳಿದು, ಚಕ್ರಗಳಿಗೆ ಸರಪಳಿ ಹಾಕಿದ. ಒಳಗಿನಿಂದ ‘ಬೇಗ, ಬೇಗ’ ಎನ್ನುವುದು ಕೇಳುತ್ತಲೇ ಇತ್ತು. ಸರಪಳಿ ಬಿಗಿದು ಮತ್ತೆ ಹತ್ತಿ ಸ್ವಲ್ಪ ದೂರ ಹೋಗುವುದರಲ್ಲಿ ಕೂಗು ನಿಂತಿತು.

ಜೋರಾಗಿ ಓಡಿಸಿದ್ದರೆ ಮೂವರೂ ಕಣಿವೆಯ ತಳದಲ್ಲಿರುತ್ತಿದ್ದರು ಎಂದು ಅರ್ಧ ಊರು ಹೇಳಿತು. ಗಂಡಸಾದವನು ಓಡಿಸಿದ್ದರೆ ಮುದುಕ ಉಳಿಯುತ್ತಿದ್ದ ಎಂದು ಮುಕಾಶ್ ಹೇಳಿದ. ಮಣ್ಣು ಮಾಡುವ ದಿನ ಎಲ್ಲರೂ ಸರದಿಯಂತೆ ಒಂದೊಂದು ಸಲಿಕೆ ಮಣ್ಣು ಹಾಕುತ್ತಿದ್ದಾಗ ಬೈಸಾಲ್‌ನ ಸರದಿ ಬಂತು. ಮುಕಾಶ್ ಅವನ ಕೈಯಿಂದ ಸಲಿಕೆ ಕಿತ್ತುಕೊಂಡು ಪಕ್ಕದವನಿಗೆ ಕೊಟ್ಟ. ಇಡೀ ಊರು ನೋಡುತ್ತಿತ್ತು. ನಮ್ಮಲ್ಲಿ ಒಬ್ಬನ ಕೆನ್ನೆಗೆ ಹೊಡೆದರೆ ಮುಂದೆ ಯಾವಾಗಲಾದರೂ ರಾಜಿಯಾಗುತ್ತದೆ. ಗೋರಿಗೆ ಮಣ್ಣು ಹಾಕಬೇಡ ಎಂದರೆ ಆಗುವುದಿಲ್ಲ.

ಅಂದಿನಿಂದ ಬೈಸಾಲ್ ಆ ಗೋರಿಯ ಹತ್ತಿರಕ್ಕೆ ಹೋದವನಲ್ಲ. ಆದರೆ ರಸ್ತೆ ಯಾರಪ್ಪನದೂ ಅಲ್ಲ. ರಸ್ತೆಯಲ್ಲಿ ಹಾಯುವಾಗೆಲ್ಲ ಎರಡೂ ಕೈ ಎತ್ತುತ್ತಿದ್ದ. ಅದನ್ನು ಕಿತ್ತುಕೊಳ್ಳಲು ಮುಕಾಶ್‌ಗೆ ದಾರಿ ಇರಲಿಲ್ಲ, ಅತ್ತೆ ಬರುವವರೆಗೆ.

ಮೊದಲ ದಿನವೇ ಗಂಟೆ ಬಾರಿಸಿತು, ಮುಕಾಶ್ ಕೆಂಪು ಒತ್ತಿದ. ಬೈಸಾಲ್ ತಿರುಗಿ ನೋಡಲಿಲ್ಲ. ನಾನು ಹಿಂದಿನಿಂದ, ಹಸಿರು ಒತ್ತಬಹುದಿತ್ತಲ್ಲ ಮಾರಾಯ, ಅವನೇನು ಹಾಡು ಹೇಳ್ತಾ ಚಪ್ಪಾಳೆ ತಟ್ಟಿದ್ನಾ ಎಂದೆ. ಮುಕಾಶ್ ಬಾಯಲ್ಲಿದ್ದ ಒಣಮೊಸರಿನ ಉಂಡೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿ, ಕಾರಣ ಇತ್ತಾ ಅಂತ ಕೇಳಿದೆ, ಇರ್ಲಿಲ್ಲ ಅಂದೆ, ನಾನು ಸುಳ್ಳು ಹೇಳಲ್ಲ ಎಂದ.

ಹೀಗೆ ಬೇಸಿಗೆ ಕಳೆಯಿತು. ಟ್ಯಾಂಕರು ಹೊರಟ ದಿನವೆಲ್ಲ ಅದೇ. ದಿಬ್ಬ ಕಾಣುತ್ತಲೇ ಮುಕಾಶ್ ಫೋನನ್ನು ಜೇಬಿನಿಂದ ತೆಗೆದು, ಹೆಬ್ಬೆರಳನ್ನು ಕೆಂಪಿನ ಮೇಲೆ ತಂದು, ಸೀಟಿನಲ್ಲಿ ಅಡ್ಡ ತಿರುಗಿ ಬೈಸಾಲ್‌ನ ಕೈಗಳನ್ನೇ ನೋಡುತ್ತ ಕಾಯುತ್ತಿದ್ದ. ಮೊಲದ ಬಿಲದ ಮುಂದೆ ನಾಯಿ ಕೂತಂತೆ. ಬೈಸಾಲ್ ಕೈ ಎತ್ತುವುದೇ ತಡ, ಟಣ್ ಎನ್ನುವುದು, ಇವನು ಒತ್ತುವುದು.

ಮಾತಿನಲ್ಲೂ ಕುಟುಕುತ್ತಿದ್ದ. ತನಗಿಂತ ಹಿರಿಯನಾದವನನ್ನು ಅಣ್ಣ ಎನ್ನಬೇಕು, ಅವನು ಎಂದೂ ಅನ್ನಲಿಲ್ಲ. ನಿಧಾನ ಹೋಗೋರಿಗೆ ಕಂಪನಿ ಬಹುಮಾನ ಕೊಡುತ್ತಂತೆ, ನಿನ್ನಂಥ ಹೆಣ ಸಾಗಿಸೋನಿಗೇ ಸಿಗಬೇಕು ಎಂದ ಒಂದು ದಿನ. ಬೈಸಾಲ್ ಗೇರ್ ಬದಲಿಸಿದ, ಅಷ್ಟೆ. ಇನ್ನೊಂದು ದಿನ, ನೀನು ಎತ್ತೋ ಕೈ ನಮ್ಮಪ್ಪನಿಗೆ ತಲುಪಲ್ಲ ತಿಳ್ಕೊ, ದಾರೀಲೇ ಸರಪಳಿ ಹಾಕ್ಕೊಂಡು ನಿಂತಿರುತ್ತೆ ಎಂದ. ಅಂದು ಬೈಸಾಲ್‌ನ ಕುತ್ತಿಗೆಯ ಹಿಂಭಾಗ ಕೆಂಪಾದದ್ದನ್ನು ನಾನು ಕಂಡೆ. ಆದರೂ ಪಿಕಪ್ ಕುಲುಕಲಿಲ್ಲ.

ಒತ್ತಿದ್ದರಲ್ಲಿ ಸಿಟ್ಟು ಮಾತ್ರ ಇರಲಿಲ್ಲ. ಅಂಕ ಗೆರೆಯ ಕೆಳಗೆ ಇಳಿದರೆ ಓಡಿಸುವವನು ಪಕ್ಕದ ಸೀಟಿಗೆ ಸರಿಯಬೇಕು, ಪಕ್ಕದವನಿಗೆ ಚಕ್ರ ಸಿಗುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಬೈಸಾಲ್‌ನ ಹೆಂಡತಿ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳಂತೆ, ಒಂದು ಕೈ ಎತ್ತು ಸಾಕು, ದೇವರಿಗೆ ಅರ್ಥವಾಗುತ್ತದೆ ಎಂದು ಬೇಡಿಕೊಂಡೆ, ಈ ಮನುಷ್ಯ ಗೋಡೆ ನೋಡುತ್ತಾನೆ ಎಂದು. ಚಕ್ರ ಹೋದರೆ ಇವನು ಮನೆಯಲ್ಲಿ ಬದುಕುವುದಿಲ್ಲ ಎಂದೂ ಅಂದಿದ್ದಳು. ಅದರಲ್ಲೂ ಮುಕಾಶ್ ಓಡಿಸುವ ಗಾಡಿಯಲ್ಲಿ ಪಕ್ಕದಲ್ಲಿ ಕೂರುವುದೆಂದರೆ.

ಶರತ್ಕಾಲದ ಮೊದಲಲ್ಲಿ ಬೈಸಾಲ್‌ನ ಅಂಕ ಗೆರೆಯ ಕೆಳಗಿಳಿಯಿತು. ಕಂಟ್ರೋಲ್ ರೂಮಿನ ಮುಖ್ಯಸ್ಥೆ ಜಿಪಾರ್ ಮೂವರನ್ನೂ ಕರೆಸಿದಳು. ಅವಳು ಬೇರೆ ಸೀಮೆಯವಳು, ಆದರೆ ನಮ್ಮವಳೇ. ಗೋರಿ ಕಂಡರೆ ಅವಳ ಕೈಯೂ ತಾನಾಗಿ ಏಳುತ್ತದೆ. ಪಾಳಿ ಬದಲಾಗುವ ಹೊತ್ತು, ಹೋಗುವವರು ಬರುವವರು ಎಲ್ಲರೂ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಬೈಸಾಲಣ್ಣ, ನಿಮ್ಮಷ್ಟು ಚೆನ್ನಾಗಿ ಓಡಿಸೋರು ನಮ್ಮಲ್ಲಿ ಇಲ್ಲ, ಅದಕ್ಕೇ ಬೇಜಾರು ಎಂದು ಶುರುಮಾಡಿದಳು. ಹಿಂದೆ ಅಷ್ಟು ವಿಷ ಎಳೆದುಕೊಂಡು ಬರುವಾಗ ಮುಂದಿನ ಗಾಡಿಯವನು ಕೈ ಬಿಟ್ಟರೆ, ಎಂದಾದರೂ ಒಂದು ಟೈರ್ ಒಡೆದರೆ, ಕೆಳಗಿನ ಹೊಳೆಯ ನೀರು ಕುಡಿಯುವವರು ಯಾರು ಎಂದು ಕೇಳಿದಳು. ಅದು ನ್ಯಾಯದ ಮಾತೇ. ಬೈಸಾಲ್ ತಲೆಯಾಡಿಸಿದ.

ಆಮೇಲೆ ಅವಳು ನಿಯಮದಂತೆ ತಪ್ಪುಗಳನ್ನೆಲ್ಲ ದೊಡ್ಡ ಪರದೆಯ ಮೇಲೆ ಹಾಕಿದಳು. ಫೋನು ಹಿಡಿದಿಟ್ಟ ಚೂರು ಚೂರು ಚಿತ್ರಗಳು. ಬೈಸಾಲ್‌ನ ಮುಖ, ಏಳುವ ಅಂಗೈಗಳು, ಅಲುಗುವ ತುಟಿ. ಮತ್ತೆ ಬೈಸಾಲ್‌ನ ಮುಖ, ಅಂಗೈ, ತುಟಿ. ಅಂಗಿ ಬದಲಾಗುತ್ತಿತ್ತು, ಬಿಸಿಲು ಬದಲಾಗುತ್ತಿತ್ತು, ಉಳಿದದ್ದೆಲ್ಲ ಅದೇ. ಯಾರೋ ಬೇಸರದಿಂದ ಆಕಳಿಸಿದರು.

ಅಷ್ಟರಲ್ಲಿ ಎರಡನೇ ಪಿಕಪ್ಪಿನ ಡ್ರೈವರ್ ಬಾಗಿಲಿನಿಂದ ಮೆಲ್ಲಗೆ, “ಪಕ್ಕದೋನನ್ನ ನೋಡ್ರೋ” ಎಂದ.

ಎಲ್ಲರೂ ನೋಡಿದರು. ಚಿತ್ರದ ಅಂಚಿನಲ್ಲಿ ಮುಕಾಶ್ ಇದ್ದ. ಒಂದು ಚೂರಿನಲ್ಲಿ ಅಲ್ಲ, ಪ್ರತಿಯೊಂದರಲ್ಲೂ. ಫೋನಿನ ಮೇಲೆ ಹೆಬ್ಬೆರಳು, ಬಾಯಲ್ಲಿ ಉಂಡೆ, ಕಣ್ಣು ಬೈಸಾಲ್‌ನ ಕೈಗಳ ಮೇಲೆ. ಅವನ ಹೆಗಲ ಹಿಂದಿನ ಕಿಟಕಿಯಲ್ಲಿ ಅವನ ಅಪ್ಪನ ಗೋರಿ ಮೆಲ್ಲಗೆ ಸರಿದುಹೋಗುತ್ತಿತ್ತು. ಇಡೀ ಬೇಸಿಗೆಯಲ್ಲಿ ಅವನು ಒಂದು ಸಲವೂ ಆ ಕಡೆ ತಿರುಗಿರಲಿಲ್ಲ. ಒಂದು ಸಲವೂ ಕೈ ಎತ್ತಿರಲಿಲ್ಲ. ಒಂದು ಕೈಯನ್ನೂ.

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಒಳ್ಳೆಯದಿತ್ತು. ಜಿಪಾರ್ ಪರದೆ ಆರಿಸಿದಳು. ಮುಕಾಶ್‌ನ ಮುಖ ಬೂದಿಯಾಗಿತ್ತು. ನನ್ನ ಕೆಲಸ ನಾನು ಮಾಡಿದ್ದೀನಿ, ಫೋನ್ ಹಿಡಿ ಅಂದಿದ್ದು ಕಂಪನಿ, ನನ್ನನ್ನೇನು ನೋಡ್ತೀರ ಎಂದು ಬಾಗಿಲಲ್ಲಿದ್ದವರ ಮೇಲೆ ಹರಿಹಾಯ್ದ. ಆಮೇಲೆ ಬೈಸಾಲ್‌ನ ಕಡೆ ತಿರುಗಿ, ಕೊಂದೋನು ಕೈ ಎತ್ತುತ್ತಾನೆ, ಪಾಪ ಕಳ್ಕೊಳ್ಳೋಕೆ, ನನಗ್ಯಾಕೆ ಬೇಕು ಎಂದ.

ಬೈಸಾಲ್ ಫೋನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ಜಿಪಾರ್‌ಗೆ ಹೇಳಿದ:

“ಒಂದು ಕೈಯಲ್ಲಿ ಮಾಡೋಕೆ ನನಗೆ ಬರಲ್ಲ ತಂಗಿ. ಚಕ್ರ ಅವನಿಗೇ ಕೊಡು.”

ಯಂತ್ರದ ಲೆಕ್ಕದಂತೆ ಚಕ್ರ ಮುಕಾಶ್‌ಗೆ ಹೋಯಿತು. ಹೊಸಬನಾದ್ದರಿಂದ ಮೊದಲ ತಿಂಗಳು ಪರೀಕ್ಷೆ, ಕಾರಣವಿಲ್ಲದ ಒಂದು ತಪ್ಪು ಉಳಿದರೂ ಸೀಟು ಹೋಗುತ್ತದೆ ಎಂದು ಜಿಪಾರ್ ಎಚ್ಚರಿಸಿದಳು.

ಬಾಗಿಲಲ್ಲಿ ನಿಂತವರಲ್ಲಿ ಯಾರೋ ಆ ಪರದೆಯನ್ನು ತಮ್ಮ ಫೋನಿನಲ್ಲಿ ಹಿಡಿದುಕೊಂಡಿದ್ದರು. ನಾವು ಊರು ಮುಟ್ಟುವ ಮೊದಲೇ ಅದು ಊರು ಮುಟ್ಟಿತ್ತು. ಮುಕಾಶ್‌ನ ತಾಯಿ ಅದನ್ನು ಪಕ್ಕದ ಮನೆಯ ಹುಡುಗಿಯ ಫೋನಿನಲ್ಲಿ ನೋಡಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಹಾಕು ಎಂದಳಂತೆ.

ಶುಕ್ರವಾರ ನಮ್ಮ ಮನೆಗಳಲ್ಲಿ ಸತ್ತವರಿಗಾಗಿ ಎಣ್ಣೆ ಕಾಯಿಸಿ ಹಿಟ್ಟಿನ ಬಿಲ್ಲೆ ಕರಿಯುತ್ತಾರೆ. ಆ ವಾಸನೆ ಅವರಿಗೆ ಮುಟ್ಟುತ್ತದೆ ಎಂದು. ಆ ಶುಕ್ರವಾರ ಮುದುಕಿ ಕರಿದಳು, ನೆರೆಯವರನ್ನೆಲ್ಲ ಕರೆದಳು, ನೆಲಕ್ಕೆ ಹಾಸಿದ ಊಟದ ಬಟ್ಟೆಯ ಮೇಲೆ ಎಲ್ಲರ ಮುಂದೆ ಹಂಚಿದಳು. ಮಗನ ಮುಂದೆ ಹಾಕಲಿಲ್ಲ. ನಾನು ಅವನ ಎದುರಿಗೇ ಕೂತಿದ್ದೆ. ಅವನು ಬರಿಯ ಬಟ್ಟೆಯನ್ನು ನೋಡುತ್ತ ಚಹಾ ಕುಡಿದ. ಏಳುವಾಗ ಮುದುಕಿ, ನಾಳೆ ನೀನೇ ಓಡಿಸ್ತೀಯಂತೆ ಎಂದಳು. ಹೂಂ ಎಂದ ಅವನು.

“ಒಂದು ಕೈ ಚಾಚೋದು ಭಿಕ್ಷೆಗೆ” ಎಂದಳು ಮುದುಕಿ. “ನಿಮ್ಮಪ್ಪನ ಮುಂದೆ ಹಾಗೆ ಹೋದೆ ಅಂತ ನನ್ನ ಕಿವಿಗೆ ಬಿದ್ರೆ ಈ ಹೊಸ್ತಿಲು ದಾಟಬೇಡ.”

ಮರುದಿನ ಬೆಳಿಗ್ಗೆ ಮೋಡ ಕಣಿವೆಯ ಮೇಲೆ ಕೂತಿತ್ತು. ಮೇಲೆ ಹಿಮ ಬಿದ್ದಿದೆ, ಸರಪಳಿ ಇಟ್ಟುಕೊಳ್ಳಿ ಎಂದು ಗೇಟಿನವರು ಹೇಳಿದರು. ಮುಕಾಶ್ ಚಕ್ರದ ಹಿಂದೆ ಕೂತು ಸೀಟನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿದ. ಬೈಸಾಲ್ ಪಕ್ಕದಲ್ಲಿ ಕೂತ. ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ಹುಡುಕಿತು, ಅದನ್ನು ಹಿಂದಕ್ಕೆ ಎಳೆದುಕೊಂಡ. ಫೋನು ಅವನ ಕೈಯಲ್ಲಿತ್ತು.

ಗೇಟು ದಾಟಿದ ಮೇಲೆ ಮುಕಾಶ್ ರಸ್ತೆ ನೋಡುತ್ತಲೇ ಹೇಳಿದ, ಗೋರಿಯ ಹತ್ತಿರ ಗಂಟೆ ಬಾರಿಸುತ್ತೆ, ಹಸಿರು ಒತ್ತು. ಕೇಳಿಕೊಂಡಂತೆ ಇರಲಿಲ್ಲ, ಆಳಿಗೆ ಹೇಳಿದಂತಿತ್ತು. ಕೇಳಿಸ್ತಾ ಎಂದ ಮುಕಾಶ್. ಕೇಳಿಸ್ತು ಎಂದ ಬೈಸಾಲ್. ಒತ್ತಲಿಲ್ಲ ಅಂದ್ರೆ ನೋಡು, ನಿನ್ನ ಬೇಸಿಗೆಯ ಸೇಡು ನನ್ನ ಮೇಲೆ ತೀರಿಸಿದೆ ಅಂತ ಊರಿಗೆಲ್ಲ ಸಾರ್ತೀನಿ ಎಂದ ಮುಕಾಶ್. ಬೈಸಾಲ್ ಕಿಟಕಿಯಾಚೆ ಒಣಗಿದ ಹುಲ್ಲು ನೋಡುತ್ತಿದ್ದ.

ದಿಬ್ಬ ಕಂಡಿತು. ಹಿಂದೆ ಟ್ಯಾಂಕರುಗಳ ದೀಪಗಳು ಸಾಲಾಗಿ ಉರಿಯುತ್ತಿದ್ದವು. ಮುಕಾಶ್ ಮೊದಲು ಎಡಗೈ ಎತ್ತಿದ. ಬಲಗೈ ಚಕ್ರವನ್ನು ಬಿಗಿಯಾಗಿ ಹಿಡಿದಿತ್ತು. ಒಂದು ಕೈಯಲ್ಲೇ ಮುಗಿಸಿಬಿಡುತ್ತಾನೆ ಎಂದುಕೊಂಡೆ.

ಬೈಸಾಲ್ ಫೋನನ್ನು ಮಂಡಿಯ ಮೇಲಿಟ್ಟ. ಎರಡೂ ಅಂಗೈಗಳನ್ನು ಬಿಡಿಸಿ ಮುಖದ ಮುಂದೆ ಹಿಡಿದ. ಯಾವಾಗಲೂ ತುಟಿಯೊಳಗೇ ಹೇಳಿಕೊಳ್ಳುವವನು ಅಂದು ಬಾಯಿಬಿಟ್ಟು ಹೇಳಿದ.

“ಸತಾರಪ್ಪಾ, ನಿನ್ನ ಮೇಲಿನ ಮಣ್ಣು ರೇಷ್ಮೆಯಾಗಲಿ. ಮಲಗಿದ ಜಾಗ ಹಿತವಾಗಲಿ.”

ಆ ಹೆಸರು ಕೇಳುತ್ತಲೇ ಮುಕಾಶ್‌ನ ಬಲಗೈ ಎದ್ದಿತು. ಅವನು ಎತ್ತಿದ ಎನ್ನುವುದಕ್ಕಿಂತ ಅದೇ ಎದ್ದಿತು ಎನ್ನಬೇಕು. ಎರಡೂ ಅಂಗೈಗಳ ನಡುವೆ ಅವನ ಮುಖ ಒಂದು ಗಳಿಗೆ ಚಿಕ್ಕ ಹುಡುಗನದಂತೆ ಕಂಡಿತು. ಪಿಕಪ್ ನೆಟ್ಟಗೆ ಹೋಗುತ್ತಿತ್ತು.

ಟಣ್ ಎಂದಿತು.

ಮುಕಾಶ್ ಕೈಗಳನ್ನು ಸರಕ್ಕನೆ ಚಕ್ರಕ್ಕೆ ಇಳಿಸಿದ. “ಒತ್ತು” ಎಂದ.

ಬೈಸಾಲ್‌ನ ಅಂಗೈಗಳು ಇನ್ನೂ ಮುಖದ ಮುಂದಿದ್ದವು. ಕಣ್ಣು ಮುಚ್ಚಿತ್ತು. ಸತಾರ್‌ನ ನಂತರ ತನ್ನ ಅಪ್ಪನ ಹೆಸರು ಹೇಳಿದ, ಅವನ ಅಪ್ಪನ ಹೆಸರು ಹೇಳಿದ, ದಿಬ್ಬದ ಮೇಲೆ ಮಲಗಿದ ಹೆಸರಿಲ್ಲದವರಿಗೂ ಹೇಳಿದ. ಮಂಡಿಯ ಮೇಲಿನ ಫೋನು ಟಣ್ ಟಣ್ ಎನ್ನುತ್ತಲೇ ಇತ್ತು.

“ಒತ್ತೋ. ಒತ್ತು ಅಂದ್ನಲ್ಲ.” ಮುಕಾಶ್ ಒಂದು ಕೈಯನ್ನು ಫೋನಿಗೆ ಚಾಚಿದ. ಎಟುಕಲಿಲ್ಲ. ಬಗ್ಗಿ ಹಿಡಿಯಲು ಹೋದರೆ ಗಾಡಿ ಓಲಾಡುತ್ತಿತ್ತು, ಗಾಜಿನ ಕೆಳಗಿನ ಕಣ್ಣು ನೋಡುತ್ತಲೇ ಇತ್ತು.

ಬೈಸಾಲ್ ಅಂಗೈಗಳನ್ನು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ ನಿಧಾನವಾಗಿ ಸವರಿಕೊಂಡ. “ಓಮಿನ್” ಎಂದ. ಆಮೇಲೆ ಫೋನ್ ಎತ್ತಿಕೊಂಡು ನೋಡಿದ. ಗಂಟೆ ನಿಂತಿತ್ತು. ಕೆಂಪೂ ಇರಲಿಲ್ಲ, ಹಸಿರೂ ಇರಲಿಲ್ಲ.

“ಬೇಕಂತಲೇ ಮಾಡ್ದೆ” ಎಂದ ಮುಕಾಶ್.

“ನಿಮ್ಮಪ್ಪನಿಗೆ ಹೇಳ್ತಿದ್ದೆ” ಎಂದ ಬೈಸಾಲ್. “ಅರ್ಧಕ್ಕೆ ಬಿಟ್ಟು ಗುಂಡಿ ಒತ್ಬೇಕಿತ್ತಾ?”

ಈ ಮಾತನ್ನು ಊರಿನಲ್ಲಿ ಯಾರ ಮುಂದೆ ಒಯ್ದು ದೂರು ಹೇಳಬಹುದು ಎಂದು ಮುಕಾಶ್ ಹುಡುಕುತ್ತಿದ್ದಿರಬೇಕು. ತಾಯಿಯ ಮುಂದೆ ಹೇಳುವಂತಿರಲಿಲ್ಲ. ರೇಡಿಯೋದಲ್ಲಿ ಜಿಪಾರ್‌ಳ ದನಿ ಬಂತು, ತಪ್ಪು ಉಳಿದಿದೆ, ಎರಡನೆಯವರು ಯಾಕೆ ಉತ್ತರ ಕೊಟ್ಟಿಲ್ಲ ಎಂದು ಕೇಳಿದಳು. ಬೈಸಾಲ್ ರೇಡಿಯೋದ ಗುಂಡಿ ಒತ್ತಿ, ಎರಡೂ ಕೈ ಎತ್ತಿದ್ದೆ ತಂಗಿ ಎಂದ. ಸರಿ, ಕ್ಯಾಂಪಿಗೆ ಹೋದ ಮೇಲೆ ಮುಕಾಶ್ ಕೀಲಿ ಕೊಟ್ಟುಬಿಡಲಿ, ಬೇರೆ ಡ್ರೈವರನ್ನು ಕಳಿಸುತ್ತೇನೆ ಎಂದಳು.

ಹೊಳೆ ಹಿಂದೆ ಉಳಿಯಿತು, ರಸ್ತೆ ಏರಿತು. ಸರಪಳಿ ಕಟ್ಟೆಯ ಹತ್ತಿರ ನೆಲವೆಲ್ಲ ಬೆಳ್ಳಗಾಗಿತ್ತು, ಗಾಳಿ ಹಿಮದ ಪುಡಿಯನ್ನು ಗಾಜಿಗೆ ಎರಚುತ್ತಿತ್ತು. ಅಲ್ಲಿ ಸರಪಳಿ ಹಾಕುವವನು ಓಡಿಸುವವನೇ. ಮುಕಾಶ್ ಪಿಕಪ್ ನಿಲ್ಲಿಸಿ ಇಳಿದ. ಹಿಂದಿನಿಂದ ಸರಪಳಿ ಎಳೆದು ತಂದು, ಕೆಸರು ಹಿಮದಲ್ಲಿ ಮಂಡಿಯೂರಿ, ಮುಂದಿನ ಚಕ್ರದ ಸುತ್ತ ಅದನ್ನು ಹಾಸತೊಡಗಿದ. ಕೈ ಮರಗಟ್ಟಿ ಕೊಂಡಿ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಜಾರುತ್ತಿತ್ತು. ಹಿಂದೆ ಟ್ಯಾಂಕರುಗಳು ಇಂಜಿನ್ ಗುರುಗುಟ್ಟಿಸುತ್ತ ಕಾಯುತ್ತಿದ್ದವು.

ನಾನು ಇಳಿಯಲು ಬಾಗಿಲಿಗೆ ಕೈ ಹಾಕಿದೆ. ಬೈಸಾಲ್ ತಿರುಗದೆಯೇ, ಕೂತ್ಕೊ, ಬಂದೂಕಿನವನು ಗಾಡಿ ಬಿಡೋ ಹಾಗಿಲ್ಲ ಎಂದ. ಅದು ನಿಯಮವೇ.

ಆಮೇಲೆ ಅವನು ತನ್ನ ಕಡೆಯ ಗಾಜು ಇಳಿಸಿದ. ತಣ್ಣನೆ ಗಾಳಿ ಒಳಗೆ ನುಗ್ಗಿತು. ಕೆಳಗೆ ಮಂಡಿಯೂರಿದವನು ತಲೆ ಎತ್ತಿ ನೋಡಿದ.

“ಬೇಗ” ಎಂದ ಬೈಸಾಲ್.